ವಾದಿ ರಮ್‌ನಲ್ಲಿ ನೀರಿನ ಜಾಡು

ವಾದಿ ರಮ್‌ಗೆ ಹೋಗುವವರಲ್ಲಿ ಹೆಚ್ಚಿನವರು ಅದನ್ನು ನೋಡುವುದು ಜೀಪಿನ ಹಿಂಭಾಗದಲ್ಲಿ ಕೂತು. ಕೆಲವು ಗಂಟೆಗಳ ಸುತ್ತು, ಐದಾರು ಕಡೆ ಇಳಿದು ಫೋಟೋ, ಒಂದು ಸೂರ್ಯಾಸ್ತ, ರಾತ್ರಿಗೆ ಒಂದು ಕ್ಯಾಂಪು. ಬೆಳಿಗ್ಗೆ ಎದ್ದು, ಬಂಡೆ ಕೊರೆದು ಮಾಡಿದ ಹಳೆಯ ನಗರ ಪೆಟ್ರಾ ಕಡೆಗೋ ಕಡಲ ತೀರದ ಅಕಾಬಾ ಕಡೆಗೋ ಹೊರಟುಬಿಡುತ್ತಾರೆ. ಅಷ್ಟು ನೋಡಿದರೂ ಆ ಜಾಗ ಬೆರಗು ಹುಟ್ಟಿಸುತ್ತದೆ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಜೀಪಿಗೆ ಕಾಣುವುದು ಮರಳು, ಬೆಟ್ಟ ಎರಡೇ. ಆ ಮರುಭೂಮಿಯಲ್ಲಿ ಯಾರು ಎಲ್ಲಿರಬೇಕು, ಯಾವ ಗಿಡ ಎಲ್ಲಿ ಬೇರು ಬಿಡಬೇಕು, ದಾರಿ ಯಾವ ಕಡೆ ತಿರುಗಬೇಕು ಅನ್ನುವುದನ್ನೆಲ್ಲ ತೀರ್ಮಾನಿಸುವುದು ನೀರು. ಆ ನೀರು ಕಣ್ಣಿಗೆ ಬೀಳಬೇಕಾದರೆ ನಡೆಯಬೇಕು, ಕೆಲವು ರಾತ್ರಿ ನೆಲದ ಮೇಲೆ ಮಲಗಬೇಕು, ಅದನ್ನು ಬಲ್ಲವರ ಹಿಂದೆ ಹೋಗಬೇಕು. ನಾನು ಹೋಗಿದ್ದು ಹಾಗೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಜಾಗದ ಪರಿಚಯ ಸ್ವಲ್ಪ ಬೇಕು. ವಾದಿ ರಮ್ ಇರುವುದು ಜೋರ್ಡಾನ್ ದೇಶದ ದಕ್ಷಿಣದ ಕೊನೆಯಲ್ಲಿ, ಸೌದಿ ಅರೇಬಿಯಾದ ಗಡಿಗೆ ಹತ್ತಿರ. ಸುಮಾರು 740 ಚದರ ಕಿಲೋಮೀಟರ್ ಸಂರಕ್ಷಿತ ಪ್ರದೇಶ. 2011ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಅದೂ ಪ್ರಕೃತಿ, ಸಂಸ್ಕೃತಿ ಎರಡೂ ಲೆಕ್ಕದಲ್ಲಿ. ಸಪಾಟಾದ ಮರಳಿನ ನೆಲ. ಅದರಿಂದ ನೆಟ್ಟಗೆ ಮೇಲೆದ್ದ ಕೆಂಪು ಬೆಟ್ಟಗಳು. ಜಬಲ್ ರಮ್ ಅನ್ನುವ ದೊಡ್ಡ ಬೆಟ್ಟ 1,700 ಮೀಟರಿಗೂ ಎತ್ತರ. ಬೆಟ್ಟ ಬೆಟ್ಟಗಳ ನಡುವೆ ಅಗಲವಾದ ಮರಳಿನ ಓಣಿಗಳು. ವರ್ಷಕ್ಕೆ ಬೀಳುವ ಮಳೆ 100 ಮಿಲಿಮೀಟರಿಗೂ ಕಡಿಮೆ. ಅದೂ ಚಳಿಗಾಲದಲ್ಲಿ ಒಂದೆರಡು ಸಲ ಹೊಡೆದು ಹೋಗುವ ಮಳೆ.

ನಾವೊಂದು ಸಣ್ಣ ಗುಂಪು. ಮಾರ್ಚ್ ತಿಂಗಳು. ನೀರು, ಹಿಟ್ಟು, ಕಂಬಳಿ ಹೊರಲು ಒಂಟೆಗಳು. ನಮ್ಮ ಗೈಡ್ ಅರವತ್ತರ ಆಸುಪಾಸಿನ ಬೆಡೂಯಿನ್, ಅಂದರೆ ಮರುಭೂಮಿಯ ಅಲೆಮಾರಿ ಅರಬ್ ಜನರ ಪೈಕಿ. ರಮ್ ಹಳ್ಳಿಯಲ್ಲಿ ನೆಲೆಸಿರುವ ಝಲಾಬಿಯಾ ಬುಡಕಟ್ಟಿನವರು. ಹುಟ್ಟಿದ್ದು ಆಡಿನ ಕೂದಲಿನ ಟೆಂಟಿನಲ್ಲಿ, ಈಗ ಇರುವುದು ಸಿಮೆಂಟಿನ ಮನೆಯಲ್ಲಿ. ಜೊತೆಗೆ ಅವರ ತಮ್ಮನ ಮಗ, ಇಪ್ಪತ್ತರ ಹುಡುಗ. ಒಂಟೆಗಳ ಉಸ್ತುವಾರಿ ಅವನದು.

ಗೈಡ್ ಇಟ್ಟುಕೊಂಡು ಹೋಗುವುದೆಂದರೆ ಸಾಹಸ ಕಡಿಮೆಯಾದ ಹಾಗೆ ಅಂತ ಕೆಲವರಿಗೆ ಅನ್ನಿಸುತ್ತದೆ. ನಕ್ಷೆ, ಜಿಪಿಎಸ್ ಹಿಡಿದು ಒಬ್ಬರೇ ಹೋಗುವುದೇ ನಿಜವಾದ ಪ್ರಯಾಣ ಅನ್ನುವ ಮಾತು ಕೇಳಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ನಕ್ಷೆಯಲ್ಲಿ ಬೆಟ್ಟದ ಹೆಸರಿರುತ್ತದೆ. ಈ ವರ್ಷ ಮಳೆ ಯಾವ ಕೊರಕಲಿಗೆ ಬಿತ್ತು, ಯಾವುದಕ್ಕೆ ಬೀಳಲಿಲ್ಲ ಅನ್ನುವುದು ಇರುವುದಿಲ್ಲ. ನಮ್ಮ ಗೈಡ್ ಹೊರಡುವ ಮುಂಚೆ ಹಳ್ಳಿಯ ಅಂಗಳದಲ್ಲಿ ಇಬ್ಬರು ಮುದುಕರ ಜೊತೆ ಕೂತು ಅರ್ಧ ಗಂಟೆ ಮಾತಾಡಿದರು. ನಮಗೆ ಒಂದು ಪದವೂ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು, ಮಾತೆಲ್ಲ ನೀರಿನದೇ. ಯಾರ ಆಡುಗಳು ಈಗ ಎಲ್ಲಿವೆ, ಯಾವ ಬಂಡೆಯ ಗುಂಡಿಯಲ್ಲಿ ಮಳೆ ನೀರು ಇನ್ನೂ ನಿಂತಿದೆ, ಎಲ್ಲಿ ಆರಿಹೋಗಿದೆ. ನಮ್ಮ ದಾರಿ ನಿಕ್ಕಿಯಾಗಿದ್ದು ಆ ಮಾತಿನಿಂದ.

ಮೊದಲ ದಿನವೇ ಅವರು ನಮ್ಮನ್ನು ಜಬಲ್ ರಮ್‌ನ ಪೂರ್ವದ ಮಗ್ಗುಲಿಗೆ ಕರೆದೊಯ್ದರು. ದೂರದಿಂದಲೇ ಕೈ ತೋರಿಸಿ, ಬೆಟ್ಟದ ಮೇಲೆ ಗೆರೆ ಕಾಣುತ್ತಾ ಅಂತ ಕೇಳಿದರು. ಮೊದಲು ಕಾಣಲಿಲ್ಲ. ಸ್ವಲ್ಪ ಹೊತ್ತು ನೋಡಿದ ಮೇಲೆ ಕಂಡಿತು. ಬುಡದಿಂದ ಕೊಂಚ ಮೇಲೆ, ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕೆ. ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ.

ಆ ಗೆರೆಯ ಕಥೆ ಹೀಗೆ. ಬೆಟ್ಟದ ಕೆಳಭಾಗ ಗ್ರಾನೈಟ್. ಬೂದು ಬಣ್ಣದ, ತುಂಬಾ ಹಳೆಯ ಕಲ್ಲು. ಅದರ ಮೇಲೆ ಕೂತಿರುವುದು ಮರಳುಗಲ್ಲು, ಅದಕ್ಕೂ ಸುಮಾರು 50 ಕೋಟಿ ವರ್ಷ ವಯಸ್ಸು. ಮರಳುಗಲ್ಲು ನೀರು ಕುಡಿಯುತ್ತದೆ. ಬೆಟ್ಟದ ತಲೆಯ ಮೇಲೆ ಬಿದ್ದ ಮಳೆಯಲ್ಲಿ ಒಂದಿಷ್ಟು ಬಿರುಕುಗಳಲ್ಲಿ, ಕಲ್ಲಿನ ಸಣ್ಣ ಸಣ್ಣ ಸಂದುಗಳಲ್ಲಿ ನಿಧಾನವಾಗಿ ಕೆಳಗಿಳಿಯುತ್ತದೆ. ಗ್ರಾನೈಟ್ ಕುಡಿಯುವುದಿಲ್ಲ. ಅಲ್ಲಿಗೆ ಬಂದ ನೀರಿಗೆ ಇನ್ನು ಕೆಳಗೆ ದಾರಿಯಿಲ್ಲ. ಅಡ್ಡಡ್ಡ ಹರಿದು, ಎರಡು ಕಲ್ಲು ಸೇರುವ ಜಾಗದಲ್ಲಿ ಬೆಟ್ಟದ ಹೊರಮೈಗೆ ಬಂದು ಜಿನುಗುತ್ತದೆ. ಹಾಗಾಗಿ ಸೆಲೆಗಳೆಲ್ಲ ಒಂದೇ ಎತ್ತರದಲ್ಲಿ, ಸಾಲಾಗಿ. ಬಿಸಿಲಿಗೆ ಮೈಯೊಡ್ಡಿದ ಒಣ ಬೆಟ್ಟ ಒಳಗೊಳಗೇ ನೀರು ಹಿಡಿದಿಟ್ಟುಕೊಂಡಿದೆ.

ಐನ್ ಶಲ್ಲಾಲೆ ಅನ್ನುವ ಸೆಲೆಯವರೆಗೆ ಹತ್ತಿದೆವು. ಬಂಡೆಗೆ ಕಚ್ಚಿಕೊಂಡು ಬೆಳೆದ ಅಂಜೂರದ ಗಿಡ. ಅದರ ನೆರಳಲ್ಲಿ ಜರಿಗಿಡ, ಪಾಚಿ. ಜರಿಯ ಎಲೆಯ ತುದಿಯಲ್ಲಿ ಹನಿ ಕಟ್ಟುತ್ತದೆ, ದಪ್ಪವಾಗುತ್ತದೆ, ಬೀಳುತ್ತದೆ. ಮತ್ತೆ ಕಟ್ಟುತ್ತದೆ. ಬಂಡೆಯ ಮೇಲೆ ನೀರು ಇಳಿದ ಕಡೆ ಕಪ್ಪು ಕಲೆ, ಕಲೆಯ ಅಂಚಿಗೆ ಬಿಳಿ ಉಪ್ಪು. ಹನಿಯ ಸುತ್ತ ಜೇನುನೊಣಗಳು. ಗೈಡ್ ಹನಿ ಬೀಳುವ ಕಡೆ ಬಾಟಲಿ ಒಡ್ಡಿ, ಕಲ್ಲೊಂದನ್ನು ಆನಿಸಿ ನಿಲ್ಲಿಸಿ, ಪಕ್ಕದಲ್ಲಿ ಕೂತುಬಿಟ್ಟರು. ಅದು ತುಂಬುವ ತನಕ ಬೇರೆ ಕೆಲಸವಿಲ್ಲ. ಬೆಂಕಿ ಮಾಡಿ, ಸೊಪ್ಪು ಹಾಕಿ ಚಹಾ ಕಾಯಿಸಿ, ಎರಡು ಸುತ್ತು ಕುಡಿದು ಮುಗಿಸಿದರೂ ಬಾಟಲಿ ಪೂರ್ತಿ ತುಂಬಿರಲಿಲ್ಲ.

ಈ ನೀರನ್ನು ಸುಮಾರು 2,000 ವರ್ಷಗಳ ಹಿಂದೆಯೇ ನಬಾಟಿಯನ್ನರು ಅನ್ನುವ ಪ್ರಾಚೀನ ಅರಬ್ ಜನ ಕಾಲುವೆ ಕೊರೆದು ಕೆಳಗೆ ಇಳಿಸಿದ್ದರು. ಪೆಟ್ರಾ ಕಟ್ಟಿದ್ದೂ ಅವರೇ. ಸೆಲೆಯ ಹತ್ತಿರದ ಬಂಡೆಯ ಮೇಲೆ ಅವರ ಬರಹ ಇದೆ. ಕೆಳಗೆ, ಬೆಟ್ಟದ ಬುಡದಲ್ಲಿ, ಅಲ್ಲಾತ್ ದೇವಿಗೆ ಕಟ್ಟಿದ ಗುಡಿಯ ಗೋಡೆ, ಕಂಬಗಳ ಬುಡ ಇನ್ನೂ ಉಳಿದಿವೆ. ಗುಡಿ ಅಲ್ಲೇ ಯಾಕೆ ಬಂತು ಅಂತ ಕೇಳಬೇಕಾಗಿಯೇ ಇಲ್ಲ. ತಲೆ ಎತ್ತಿದರೆ ಹಸಿರು ಗೆರೆ ಕಾಣುತ್ತದೆ. 1917ರಲ್ಲಿ, ತುರ್ಕರ ಆಳ್ವಿಕೆಯ ವಿರುದ್ಧ ಅರಬ್ಬರು ದಂಗೆ ಎದ್ದಿದ್ದ ಕಾಲದಲ್ಲಿ, ಅವರ ಜೊತೆಗಿದ್ದ ಬ್ರಿಟಿಷ್ ಸೇನಾಧಿಕಾರಿ ಟಿ. ಇ. ಲಾರೆನ್ಸ್ ಕೂಡ ರಮ್‌ನಲ್ಲಿ ತಂಗಿದ್ದ, ಈ ಸೆಲೆಗೆ ಬಂದಿದ್ದ. ಪ್ರವಾಸಿಗರಿಗೆ ಅವನ ಹೆಸರನ್ನೇ ಜಾಸ್ತಿ ಹೇಳುತ್ತಾರೆ. ನನಗೆ ಆ ಕಾಲುವೆ ಕೊರೆದ ಕೈಗಳ ಬಗ್ಗೆ ಜಾಸ್ತಿ ಕುತೂಹಲ.

ಆಮೇಲಿನ ದಿನಗಳಲ್ಲಿ ನಡಿಗೆಗೆ ಒಂದು ಲಯ ಬಂತು. ಬೆಳಕು ಹರಿಯುವ ಮುಂಚೆ ಏಳುವುದು. ಬಿಸಿಲು ಏರುವ ತನಕ ನಡೆಯುವುದು. ಹನ್ನೊಂದರಿಂದ ಮೂರರ ತನಕ ಯಾವುದಾದರೂ ಬೆಟ್ಟದ ನೆರಳಿನಲ್ಲಿ ಬಿದ್ದುಕೊಳ್ಳುವುದು. ಮತ್ತೆ ಸಂಜೆಯ ತನಕ ನಡಿಗೆ. ಯಾರಾದರೂ ಜೋರಾಗಿ ಹೆಜ್ಜೆ ಹಾಕಿದರೆ ಹಿಂದಿನಿಂದ ಗೈಡ್ ದನಿ: "ಶ್ವೈ, ಶ್ವೈ." ನಿಧಾನ, ನಿಧಾನ. ಅವರ ಲೆಕ್ಕದಲ್ಲಿ ಅವಸರ ಅಂದರೆ ಬೆವರು, ಬೆವರು ಅಂದರೆ ನೀರು. ಅಲ್ಲಿನ ಒಣ ಗಾಳಿಯಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ. ಅಂಗಿ ಒದ್ದೆಯಾಗುವುದಿಲ್ಲ, ಹಣೆ ಒರೆಸಿಕೊಳ್ಳಬೇಕಾಗುವುದಿಲ್ಲ. ಬಂದ ಕ್ಷಣದಲ್ಲೇ ಆರಿ ಹೋಗುತ್ತದೆ. ಸಂಜೆ ಬ್ಯಾಗ್ ಇಳಿಸಿದಾಗ ಅಂಗಿಯ ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ ನೋಡಿ, ಓಹ್ ಇಷ್ಟೊಂದು ಹೋಯಿತಾ ಅನ್ನಿಸುತ್ತದೆ. ಬಾಯಾರಿಕೆ ಆಗುವ ಹೊತ್ತಿಗೆ ಮೈಯಲ್ಲಿ ನೀರು ಆಗಲೇ ಕಡಿಮೆಯಾಗಿರುತ್ತದೆ. ಅದಕ್ಕೇ ಬಾಯಾರಲಿ ಬಿಡಲಿ, ಪ್ರತಿ ನಿಲುಗಡೆಯಲ್ಲೂ ನಾಲ್ಕು ಗುಟುಕು ಕುಡಿಯಲೇಬೇಕು. ಅವರು ಎದುರಿಗೆ ನಿಂತು ಕುಡಿಸುತ್ತಿದ್ದರು.

ಒಂಟೆಗಳ ಜೊತೆ ನಡೆದಾಗಲೇ ಅವು ಎಂಥ ಪ್ರಾಣಿ ಅನ್ನುವುದು ತಿಳಿಯುವುದು. ಡುಬ್ಬದಲ್ಲಿ ನೀರಿರುತ್ತದೆ ಅಂತ ಶಾಲೆಯ ಕಾಲದಿಂದ ಕೇಳುತ್ತೇವೆ, ಅಲ್ವಾ? ಅಲ್ಲಿರುವುದು ಕೊಬ್ಬು. ನೀರಿನ ಜಾಣತನ ಬೇರೆ ಕಡೆ ಇದೆ. ಒಂಟೆ ತನ್ನ ಮೈಬಿಸಿಯನ್ನು ಹಗಲಲ್ಲಿ ಏರಲು ಬಿಡುತ್ತದೆ. ನೀರು ಸಿಗದ ದಿನಗಳಲ್ಲಿ ಬೆಳಗಿನ 34 ಡಿಗ್ರಿ ಸೆಲ್ಸಿಯಸ್‌ನಿಂದ ಮಧ್ಯಾಹ್ನಕ್ಕೆ 40ರ ತನಕ ಹೋಗಬಹುದು. ನಮಗಾದರೆ ಅದು ಜ್ವರ. ಅದಕ್ಕೆ ಅದು ಬೆವರು ಉಳಿಸುವ ದಾರಿ. ಮೈತೂಕದ ಕಾಲುಭಾಗದಷ್ಟು ನೀರು ಹೋದರೂ ತಾಳಿಕೊಳ್ಳುತ್ತದೆ. ಆಮೇಲೆ ನೀರು ಸಿಕ್ಕಿದಾಗ ಕೆಲವೇ ನಿಮಿಷಗಳಲ್ಲಿ 100 ಲೀಟರಿನಷ್ಟು ಕುಡಿದುಬಿಡುತ್ತದೆ. ಮಧ್ಯಾಹ್ನ ಅವು ಕೂತ ರೀತಿಯನ್ನು ಗಮನಿಸಿದೆ. ಬಿಸಿಲಿಗೆ ಮೈಯ ಮಗ್ಗುಲು ಕೊಡುವುದಿಲ್ಲ. ಮುಖ ಸೂರ್ಯನ ಕಡೆ ಮಾಡಿ ಕೂರುತ್ತವೆ, ಬಿಸಿಲು ಬೀಳುವ ಜಾಗ ಆದಷ್ಟು ಕಡಿಮೆ.

ರಾತ್ರಿಯ ಜಾಗ ಹುಡುಕುವುದನ್ನು ನೋಡುವುದೇ ಒಂದು ಪಾಠ. ಕಣಿವೆಯ ಬಾಯಲ್ಲಿ ಒಳ್ಳೆ ಮೆತ್ತನೆಯ ಮರಳು ಕಂಡು ನಾವೆಲ್ಲ ಬ್ಯಾಗ್ ಇಳಿಸಲು ಹೊರಟಿದ್ದೆವು. ಗೈಡ್ ಬೇಡ ಅಂದರು. ಪಕ್ಕದಲ್ಲಿದ್ದ ರತಮ್ ಪೊದೆಯನ್ನು ತೋರಿಸಿದರು. ಎಲೆಯೇ ಇಲ್ಲದ ಹಾಗಿರುವ, ಕಡ್ಡಿ ಕಡ್ಡಿಯ ಗಿಡ ಅದು. ಆಗ ಸಣ್ಣ ಬಿಳಿ ಹೂವು ಬಿಟ್ಟಿತ್ತು. ಅದರ ಕೊಂಬೆಗಳಲ್ಲಿ, ನನ್ನ ಮೊಣಕಾಲಿನ ಎತ್ತರಕ್ಕೆ, ಒಣ ಹುಲ್ಲು, ಆಡಿನ ಹಿಕ್ಕೆ, ಹರಿದ ಪ್ಲಾಸ್ಟಿಕ್ ಚೂರು ಸಿಕ್ಕಿಹಾಕಿಕೊಂಡಿದ್ದವು. ಎಲ್ಲ ಒಂದೇ ದಿಕ್ಕಿಗೆ ಬಾಗಿ. ಹಿಂದಿನ ಚಳಿಗಾಲದಲ್ಲಿ ಅಲ್ಲಿ ನೀರು ಅಷ್ಟು ಎತ್ತರಕ್ಕೆ ಹರಿದಿತ್ತು. ಬೋಳು ಬಂಡೆಯ ಮೇಲೆ ಬಿದ್ದ ಮಳೆಗೆ ತಡೆಯೇ ಇರುವುದಿಲ್ಲ, ಎಲ್ಲ ಒಮ್ಮೆಗೇ ಕೊರಕಲಿಗೆ ಇಳಿಯುತ್ತದೆ. ಮಳೆ ಬಿದ್ದದ್ದು ದೂರದಲ್ಲಾದರೂ, ನಮ್ಮ ತಲೆಯ ಮೇಲೆ ಆಕಾಶ ತಿಳಿಯಾಗಿದ್ದರೂ, ನೀರು ಬರಬಹುದು. ಇನ್ನೂರು ಹೆಜ್ಜೆ ಮುಂದೆ ಹೋಗಿ, ಸ್ವಲ್ಪ ಏರಿನ ಮೇಲೆ, ಇಡೀ ಮಧ್ಯಾಹ್ನ ಬಿಸಿಲು ತಿಂದ ಬಂಡೆಯೊಂದರ ಬುಡದಲ್ಲಿ ಹಾಸಿಗೆ ಹಾಸಿದೆವು. ಆ ಬಂಡೆ ರಾತ್ರಿ ಬಹಳ ಹೊತ್ತಿನ ತನಕ ಬೆಚ್ಚಗಿತ್ತು.

ಮರಳಿಗೆ ಆ ಗುಣ ಇಲ್ಲ. ಸೂರ್ಯ ಮುಳುಗಿದ್ದೇ ತಡ, ತಣ್ಣಗಾಗತೊಡಗುತ್ತದೆ. ಹಗಲಲ್ಲಿ ಕಾಲು ಸುಡುವ ಮರಳಿನಲ್ಲಿ ಕೈಯನ್ನು ಮೊಣಕೈ ತನಕ ತೂರಿಸಿದರೆ ಒಳಗೆ ತಂಪು. ಬಿಸಿ ಇರುವುದು ಮೇಲಿನ ಪದರದಲ್ಲಿ ಮಾತ್ರ. ಗಾಳಿಯಲ್ಲಿ ತೇವವಿಲ್ಲ, ಮೋಡವಿಲ್ಲ. ನೆಲದ ಬಿಸಿಯನ್ನು ತಡೆದು ನಿಲ್ಲಿಸುವವರು ಯಾರೂ ಇಲ್ಲ. ಮಾರ್ಚಿನಲ್ಲೂ ಬೆಳಗಿನ ಜಾವ ಎರಡು ಕಂಬಳಿ ಬೇಕಾಯಿತು. ನೀರಿಲ್ಲದ್ದಕ್ಕೇ ಹಗಲು ಅಷ್ಟು ಬಿಸಿ, ನೀರಿಲ್ಲದ್ದಕ್ಕೇ ರಾತ್ರಿ ಅಷ್ಟು ಚಳಿ.

ಅಡುಗೆಯ ಬಗ್ಗೆ ಬರೆಯದಿದ್ದರೆ ನನಗೇ ಸಮಾಧಾನವಿಲ್ಲ. ಅರ್ಬೂದ್ ಅನ್ನುವ ರೊಟ್ಟಿ. ಹಿಟ್ಟು, ಉಪ್ಪು, ನೀರು, ಅಷ್ಟೇ. ತಮ್ಮನ ಮಗ ಹುಡುಗ ಒಂದು ತಟ್ಟೆಯಲ್ಲಿ ಹಿಟ್ಟು ಹಾಕಿಕೊಂಡು, ನೀರನ್ನು ಅಂಗೈಯಿಂದ ಚಿಮುಕಿಸುತ್ತಾ ನಾದಿದ. ಒಂದು ಹನಿಯೂ ಆಚೆ ಬೀಳಲಿಲ್ಲ. ಬೆಂಕಿ ಕೆಂಡವಾದ ಮೇಲೆ ಕೆಂಡವನ್ನು ಕೋಲಿನಿಂದ ಪಕ್ಕಕ್ಕೆ ಸರಿಸಿ, ಕಾದ ಮರಳಿನ ಮೇಲೆ ಹೆಬ್ಬೆರಳು ದಪ್ಪದ ಅಗಲ ರೊಟ್ಟಿಯನ್ನು ನೇರವಾಗಿ ಹಾಸಿದ. ಮೇಲೆ ಬಿಸಿ ಬೂದಿ, ಮರಳು, ಕೆಂಡ ಮುಚ್ಚಿದ. ಸ್ವಲ್ಪ ಹೊತ್ತು ಬಿಟ್ಟು ಮಗುಚಿ ಹಾಕಿ ಮತ್ತೆ ಮುಚ್ಚಿದ. ತೆಗೆದು ಕೋಲಿನಿಂದ ಟಪ ಟಪ ಬಡಿದ, ಬಟ್ಟೆಯಿಂದ ಒರೆಸಿದ. ಬೂದಿಯೆಲ್ಲ ಉದುರಿತು. ಹೊರಗೆ ಗಟ್ಟಿ ಹೊರಪದರ, ಮುರಿದರೆ ಒಳಗಿಂದ ಹಬೆ. ಹಲ್ಲಿಗೆ ಒಂದು ಮರಳಿನ ಕಣವೂ ಸಿಗಲಿಲ್ಲ. ಊಟದ ತಟ್ಟೆಗಳನ್ನು ತಿಕ್ಕಿದ್ದು ಒಣ ಮರಳಿನಿಂದ, ಕೊನೆಗೆ ಒಂದೇ ಲೋಟ ನೀರು. ಆ ನೀರೂ ಒಂದು ಗಿಡದ ಬುಡಕ್ಕೆ.

ಮಲಗುವುದು ಬಯಲಿನಲ್ಲೇ. ಒಂದು ರಾತ್ರಿ ನಮ್ಮ ಜಾಗ ದಕ್ಷಿಣಕ್ಕೆ ಪೂರ್ತಿ ತೆರೆದುಕೊಂಡಿತ್ತು. ಕತ್ತಲಾದ ಸ್ವಲ್ಪ ಹೊತ್ತಿಗೆ, ನೆಲಕ್ಕೆ ತಾಗುವ ಹಾಗೆ, ಒಂದು ದೊಡ್ಡ ನಕ್ಷತ್ರ ಹೊಳೆಯಿತು. ಗೈಡ್ ಅದನ್ನು ಸುಹೈಲ್ ಅಂದರು. ಆಗಸ್ಟ್ ಕೊನೆಯ ಹೊತ್ತಿಗೆ ಅದು ಬೆಳಗಿನ ಜಾವ ಮತ್ತೆ ಮೂಡಿದರೆ ಬೇಸಿಗೆಯ ಉರಿ ಇಳಿಯಲು ಶುರು ಅಂತ ಅವರ ಹಿರಿಯರ ಲೆಕ್ಕ. ನಮ್ಮ ಅಗಸ್ತ್ಯ ನಕ್ಷತ್ರವೇ ಅದು. ಅಗಸ್ತ್ಯ ಮೂಡಿದರೆ ಮಳೆಗಾಲದ ಕಲಕಿದ ನೀರು ತಿಳಿಯಾಗುತ್ತದೆ ಅಂತ ನಮ್ಮ ಕಡೆಯ ಹಳೆಯ ಮಾತು. ಅವರಿಗೆ ಅದನ್ನು ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, ಕಲಕುವಷ್ಟು ನೀರು ಇರುತ್ತದಾ ನಿಮ್ಮಲ್ಲಿ ಅಂತ ಕೇಳಿದರು. ನಾನು ಹೊಳೆಗಳ ಬಗ್ಗೆ ಹೇಳಿದೆ. ಅವರು ತಮ್ಮನ ಮಗನನ್ನು ಎಬ್ಬಿಸಿ ಅವನಿಗೂ ಅದನ್ನು ಅರಬ್ಬಿಯಲ್ಲಿ ಹೇಳಿದರು.

ಬಂಡೆಗಳ ಮೇಲಿನ ಕೆತ್ತನೆಗಳು ವಾದಿ ರಮ್‌ನ ಇನ್ನೊಂದು ಸಂಪತ್ತು. ಸುಮಾರು 25,000 ಚಿತ್ರಗಳು, 20,000 ಬರಹಗಳು ಇವೆ ಅಂತ ಯುನೆಸ್ಕೋ ದಾಖಲೆ ಹೇಳುತ್ತದೆ. ಜನ ಇಲ್ಲಿ ಓಡಾಡಿದ 12,000 ವರ್ಷಗಳ ಗುರುತು. ಅನ್ಫಾಶಿಯೆ ಅನ್ನುವ ಕಡೆ ಗೋಡೆಯಂಥ ಬಂಡೆಯ ಮೇಲೆ ಒಂಟೆಗಳ ಸಾಲು. ಖಝಾಲಿಯ ಇಕ್ಕಟ್ಟಾದ ಸೀಳಿನಲ್ಲಿ ಮನುಷ್ಯರು, ಪ್ರಾಣಿಗಳು, ಬರೀ ಪಾದದ ಗುರುತುಗಳು. ಥಮೂದಿಕ್ ಅನ್ನುವ ಅರೇಬಿಯಾದ ಹಳೆಯ ಲಿಪಿಯ ಬರಹಗಳಲ್ಲಿ ಬಹಳಷ್ಟು ಬರೀ ಹೆಸರುಗಳು. ಇಂಥವನು, ಇಂಥವನ ಮಗ. ರಾಜನ ಬಿರುದಿಲ್ಲ, ಗೆದ್ದ ಯುದ್ಧವಿಲ್ಲ. ಆಡು, ಒಂಟೆ ಕಾಯುತ್ತಾ ನೆರಳಲ್ಲಿ ಕೂತವರು ಕಲ್ಲಿನಿಂದ ಕಲ್ಲನ್ನು ಕುಟ್ಟಿ ಬರೆದದ್ದು. ಬಂಡೆಯ ಮೇಲ್ಮೈಯ ಕಪ್ಪು ಪದರ ಎದ್ದರೆ ಒಳಗಿನ ತಿಳಿ ಬಣ್ಣ ಕಾಣುತ್ತದೆ, ಅದೇ ಅಕ್ಷರ. ಅರೇಬಿಯಾದಿಂದ ಉತ್ತರಕ್ಕೆ ಹೋಗುವ ವ್ಯಾಪಾರದ ಸಾಲುಗಳಿಗೆ ಇಲ್ಲಿ ನೀರಿತ್ತು, ನೆರಳಿತ್ತು. ಹಾಗಾಗಿ ಇಲ್ಲಿ ನಿಲ್ಲುತ್ತಿದ್ದರು. ಈಚಿನ ಪ್ರವಾಸಿಗರೂ ಕೆಲವು ಕಡೆ ತಮ್ಮ ಹೆಸರು ಕೊರೆದಿದ್ದಾರೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಒಂದು ಮಧ್ಯಾಹ್ನ ದಾರಿಯಲ್ಲಿ ಸಿಕ್ಕ ಟೆಂಟಿನವರು ಕಾಫಿಗೆ ಕರೆದರು. ಏಲಕ್ಕಿ ಹಾಕಿದ, ಸಕ್ಕರೆಯಿಲ್ಲದ ಕಾಫಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ. ಸಾಕು ಅನ್ನಲು ಬಟ್ಟಲನ್ನು ಅಲ್ಲಾಡಿಸಿ ಕೊಡಬೇಕು, ಇಲ್ಲದಿದ್ದರೆ ಹಾಕುತ್ತಲೇ ಇರುತ್ತಾರೆ. ಟೆಂಟು ಆಡಿನ ಕೂದಲಿನದು, ಆ ಮನೆಯ ಹೆಂಗಸರೇ ನೇಯ್ದದ್ದು. ನೇಯ್ಗೆಯ ಸಂದಿನಲ್ಲಿ ಬೆಳಕಿನ ಚುಕ್ಕೆಗಳು ಕಾಣುತ್ತಿದ್ದವು. ಮಳೆ ಬಂದರೆ ಸೋರುವುದಿಲ್ಲವೇ ಅಂತ ಕೇಳಿದೆ. ಕೂದಲು ನೆನೆದರೆ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದಂತೆ. ಆ ಮನೆಯ ಅಜ್ಜಿ ಬೆರಳು ಒದ್ದೆ ಮಾಡಿ ಬಟ್ಟೆಯ ಮೇಲೆ ಒತ್ತಿ ತೋರಿಸಿದರು.

ಕೊನೆಗೆ ಜಬಲ್ ಉಮ್ಮ್ ಅದ್ ದಾಮಿ ಹತ್ತಿದೆವು. 1,854 ಮೀಟರ್, ಜೋರ್ಡಾನಿನ ಅತಿ ಎತ್ತರದ ಬೆಟ್ಟ. ಹತ್ತುವುದು ಕಷ್ಟವಿಲ್ಲ, ಕೆಲವು ಗಂಟೆಯ ಕೆಲಸ. ಆಕಾಶ ತಿಳಿಯಿದ್ದರೆ ತುದಿಯಿಂದ ಕೆಂಪು ಸಮುದ್ರ ಕಾಣುತ್ತದೆ, ಇನ್ನೊಂದು ಕಡೆ ಸೌದಿಯ ಬೆಟ್ಟಗಳು. ಗೈಡ್ ಉತ್ತರಕ್ಕೆ ತಿರುಗಿ ಡೀಸಿ ಅನ್ನುವ ಹಳ್ಳಿಯ ದಿಕ್ಕು ತೋರಿಸಿದರು.

ಡೀಸಿಯ ನೆಲದ ಅಡಿಯಲ್ಲಿ, ಇದೇ ಮರಳುಗಲ್ಲಿನ ಒಡಲಲ್ಲಿ, ಬಹಳ ದೊಡ್ಡ ನೀರಿನ ಸಂಗ್ರಹವಿದೆ. ಗಡಿಯಾಚೆ ಸೌದಿಯ ಅಡಿಯಲ್ಲೂ ಅದೇ ನೀರು ಹಬ್ಬಿದೆ. ಈ ಪ್ರದೇಶದಲ್ಲಿ ಮಳೆ ಚೆನ್ನಾಗಿದ್ದ, ಸಾವಿರಾರು ವರ್ಷಗಳ ಹಿಂದಿನ ಕಾಲದ ನೀರು ಅದು. ಈಗ ಬೀಳುವ ಮಳೆಯಿಂದ ಮತ್ತೆ ತುಂಬುವಂಥದ್ದಲ್ಲ. 2013ರಿಂದ ಅದನ್ನು ಸುಮಾರು 325 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ರಾಜಧಾನಿ ಅಮ್ಮಾನ್‌ಗೆ ಸಾಗಿಸುತ್ತಿದ್ದಾರೆ. ವರ್ಷಕ್ಕೆ ಸುಮಾರು 10 ಕೋಟಿ ಘನ ಮೀಟರ್. ಜಗತ್ತಿನಲ್ಲೇ ಅತಿ ಕಡಿಮೆ ನೀರಿರುವ ದೇಶಗಳಲ್ಲಿ ಜೋರ್ಡಾನ್ ಒಂದು. ಅಲ್ಲಿನ ನಗರದ ಜನಕ್ಕೂ ಕುಡಿಯಲು ನೀರು ಬೇಕೇ ಬೇಕು, ಆ ಮಾತಿಗೆ ಎದುರಾಡಲು ನನ್ನಿಂದ ಆಗುವುದಿಲ್ಲ. ಆದರೆ ಬಾಟಲಿ ತುಂಬಲು ಹನಿಯ ಕೆಳಗೆ ಕಾದು ಕೂತಿದ್ದವರ ಪಕ್ಕ ನಿಂತು ಆ ಅಂಕಿಗಳನ್ನು ಯೋಚಿಸಿದಾಗ ಎದೆ ಭಾರವಾಯಿತು. ತಮ್ಮ ಹುಡುಗತನದಲ್ಲಿ ವರ್ಷವಿಡೀ ಜಿನುಗುತ್ತಿದ್ದ ಕೆಲವು ಸೆಲೆಗಳು ಈಗ ಬೇಸಿಗೆಗೆ ಆರುತ್ತವೆ ಅಂದರು ಗೈಡ್. ಮಳೆ ಕಡಿಮೆಯಾಗಿದೆ ಅನ್ನುವುದು ಅವರ ಅಭಿಪ್ರಾಯ.

ಇಳಿಯುವ ದಾರಿಯಲ್ಲಿ ದೂರದ ಕ್ಯಾಂಪುಗಳು ಕಂಡವು. ಸೋಪಿನ ಗುಳ್ಳೆಯಂಥ ಪಾರದರ್ಶಕ ಗುಮ್ಮಟಗಳು, ಪ್ರತಿಯೊಂದಕ್ಕೂ ಎಸಿ, ಸ್ನಾನದ ಮನೆ. ಆಡು ಸಾಕಿ ಬದುಕಲು ಆಗದ ಕಾಲದಲ್ಲಿ ಪ್ರವಾಸಿಗರಿಂದಲೇ ಅಲ್ಲಿನ ಮನೆಗಳು ನಡೆಯುತ್ತಿವೆ, ಅದನ್ನು ದೂರುವ ಹಕ್ಕು ನನಗಿಲ್ಲ. ಹೋಗುವ ನಮ್ಮ ಕೈಯಲ್ಲಿ ಮಾತ್ರ ಒಂದಷ್ಟು ಇದೆ. ಅಲ್ಲಿ ನಾವು ಸುರಿದುಕೊಳ್ಳುವ ಪ್ರತಿ ಬಕೆಟ್ ನೀರೂ ಎಲ್ಲಿಂದಲೋ ಬಂದದ್ದು. ಜೀಪಿನ ಹೊಸ ಜಾಡು ಬಿದ್ದ ಕಡೆಯೆಲ್ಲ ಗಿಡದ ಬೇರು ನಲುಗುತ್ತದೆ, ಆ ಜಾಡು ಬೇಗ ಅಳಿಯುವುದಿಲ್ಲ.

ಹೋಗುವ ಮನಸ್ಸಿದ್ದರೆ ಮಾರ್ಚ್, ಏಪ್ರಿಲ್ ಅಥವಾ ಅಕ್ಟೋಬರ್, ನವೆಂಬರ್ ಒಳ್ಳೆಯದು. ವಸಂತದಲ್ಲಾದರೆ ರತಮ್ ಹೂವಿನ ಜೊತೆ, ಕೆಂಪು ಬಂಡೆಯ ಮೇಲೆ ಕಡು ನೀಲಿಗೆ ತಿರುಗಿದ ಗಂಡು ಓತಿಕ್ಯಾತವೂ ಕಾಣಬಹುದು. ರಮ್ ಹಳ್ಳಿಯವರೇ ಆದ ಗೈಡ್ ಹುಡುಕಿ. ಕಾಲ್ನಡಿಗೆ, ಒಂಟೆ, ಬಯಲಲ್ಲಿ ಮಲಗುವುದು ಅಂತ ಮೊದಲೇ ಹೇಳಿ, ಯಾಕೆಂದರೆ ಕೇಳದಿದ್ದರೆ ಜೀಪೇ ಬರುತ್ತದೆ. ಕನಿಷ್ಠ ಮೂರು ರಾತ್ರಿ ಇಟ್ಟುಕೊಳ್ಳಿ. ದಪ್ಪ ಸ್ವೆಟರ್, ತಲೆಗೆ ಸುತ್ತಲು ಹತ್ತಿಯ ಬಟ್ಟೆ, ಬೆಳಿಗ್ಗೆ ಹಾಕಿಕೊಳ್ಳುವ ಮುಂಚೆ ಶೂ ಕೊಡವುವ ಅಭ್ಯಾಸ, ಇಷ್ಟು ಸಾಕು. ಶೂ ಒಳಗೆ ಚೇಳು ಸೇರಿಕೊಂಡಿರಬಹುದು. ಪೂರ್ವದ ಮಗ್ಗುಲಿನ ಸೆಲೆಗಳಿಗೆ ಮೊದಲ ದಿನವೇ ಕರೆದೊಯ್ಯಲು ಕೇಳಿ. ಆಮೇಲೆ ಯಾವ ಬೆಟ್ಟದ ಎದುರು ನಿಂತರೂ ನಿಮ್ಮ ಕಣ್ಣು ತಾನಾಗಿಯೇ ಆ ಹಸಿರು ಚುಕ್ಕೆಗಳನ್ನು ಹುಡುಕುತ್ತದೆ.